ಎಡಗಡೆ ನಿಂತವನು

ಶಿವಮೊಗ್ಗದ ಕೋಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುಮಕ್ಕಳು, ಶಾನುಭೋಗರು, ಸತ್ತವರು, ಇವರೇ ಗಿರಾಕಿಗಳು. ಅಲುಗಾಡದೆ ಕೂರುತ್ತಿದ್ದವರು ಸತ್ತವರು ಮಾತ್ರ. ೧೯೩೮ರ ನವರಾತ್ರಿಯಲ್ಲಿ ರೈಲು ಡ್ರೈವರ್ ಹೊನ್ನಯ್ಯ ಅಂಗಡಿಗೆ ಬಂದ. ಸಂಕ್ರಾಂತಿಗೆ ಅವನ ನೌಕರಿ ಮುಗಿಯುತ್ತಿತ್ತು. ಅಷ್ಟರೊಳಗೆ ತನ್ನ ಎಂಜಿನ್ನಿನಲ್ಲಿ ತಾನು ನಿಂತಿರುವ ಪಟವೊಂದು ಬೇಕು ಎಂದ. ಆಯುಧಪೂಜೆಯ ದಿನ ಭದ್ರಾವತಿಯಲ್ಲಿ ಎಂಜಿನ್ನಿಗೆ ಅಲಂಕಾರ ಮಾಡುತ್ತಾರೆ, ಆಗ ತೆಗೆಯಬೇಕು ಎಂದ. ಆ ದಿನ ಕ್ಯಾಮೆರಾ ಸಮೇತ ನನ್ನನ್ನು ಎಂಜಿನ್ನಿಗೇ ಹತ್ತಿಸಿಕೊಂಡು ಹೋದ. ಕಾನೂನಿನ ಮಾತು ಬೇಡ.

ಎಂಜಿನ್ನಿನಲ್ಲಿ ಹೋಗುವುದು ಸುಖ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೂರಲು ಜಾಗವಿಲ್ಲ. ಮುಂದೆ ಒಲೆ, ಹಿಂದೆ ಗಾಳಿ. ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು, ಕಿಡಿ ಬಿದ್ದು ಹೊಸ ಪಂಚೆಯಲ್ಲಿ ಮೂರು ತೂತಾದವು. ಡ್ರೈವರ್ ಎಡಗಡೆ, ಫೈರ್‌ಮನ್ ಬಲಗಡೆ. ನಡುವೆ ಮೂರೇ ಹೆಜ್ಜೆ. ಹೊನ್ನಯ್ಯ ಕಿಟಕಿಯಿಂದ ಕತ್ತು ಹೊರಗಿಟ್ಟು ಸಿಗ್ನಲ್ ನೋಡುತ್ತಿದ್ದ. ಫೈರ್‌ಮನ್ ಕರಿಯಣ್ಣ ಒಲೆಗೆ ಸೌದೆ ಒಗೆಯುತ್ತಿದ್ದ, ಒಂದು ಮಾತೂ ಆಡಲಿಲ್ಲ. ಹೀಗಿದ್ದರೂ ತುಂಗೆಯ ಸೇತುವೆಯ ಮೇಲೆ ನನಗೆ ಖುಷಿಯಿಂದ ಕೂಗಬೇಕೆನಿಸಿತು. ನಲವತ್ತರ ಗಂಡಸು, ಹಾಗಾಗಿ ಕೂಗಲಿಲ್ಲ.

ಭದ್ರಾವತಿಯಲ್ಲಿ ಕರಿಯಣ್ಣ ಬಾಳೆಕಂದು ತರಲು ಇಳಿದಾಗ ಹೊನ್ನಯ್ಯ ಅವನ ಮೌನದ ಕಾರಣ ಹೇಳಿದ. ಹಿಂದಿನ ತಿಂಗಳು ಅವನಿಗೆ ಡ್ರೈವರಿಕೆಯ ಪರೀಕ್ಷೆ ಇತ್ತಂತೆ. ಡಾಕ್ಟರು ಉಣ್ಣೆಯ ಎಳೆಗಳನ್ನು ಮುಂದಿಟ್ಟು ಕೆಂಪು ಯಾವುದು, ಹಸಿರು ಯಾವುದು ಎಂದು ಕೇಳಿದರಂತೆ. ಅವನು ತಪ್ಪು ಹೇಳಿದನಂತೆ. ಇನ್ನು ನೌಕರಿ ಮುಗಿಯುವ ತನಕ ಅವನಿಗೆ ಬಲಗಡೆಯೇ ಗತಿ. ಹೊನ್ನಯ್ಯ ಇದನ್ನು ಟೈಮ್‌ಟೇಬಲ್ ಓದಿದ ಹಾಗೆ ಹೇಳಿ ಮುಗಿಸಿದ.

ಬೂದುಗುಂಬಳ ಒಡೆದ ಮೇಲೆ ನಾನು ಎಂಜಿನ್ನಿಗೆ ನೇರ ಎದುರು ನಿಂತು ಪಟ ತೆಗೆದೆ. ಒಂದೊಂದು ಬದಿಯಿಂದ ಒಬ್ಬೊಬ್ಬರು ಹೊರಗೆ ಬಾಗಿದ್ದರು.

ಈಗ ನನ್ನ ತಪ್ಪಿನ ಮಾತು. ಗಾಜಿನ ಪ್ಲೇಟಿನ ಒಂದು ಮೈಗೆ ಮಾತ್ರ ಬೆಳಕು ಹಿಡಿಯುವ ಮಸಾಲೆ ಬಳಿದಿರುತ್ತದೆ. ಆ ಮೈ ಕಾಗದಕ್ಕೆ ತಾಗುವಂತಿಟ್ಟು ಅಚ್ಚು ತೆಗೆಯಬೇಕು. ಹಬ್ಬದ ಗಡಿಬಿಡಿಯಲ್ಲಿ ನಾನು ಉಲ್ಟಾ ಇಟ್ಟೆ. ಎಡದವನು ಬಲಕ್ಕೆ ಹೋದ, ಬಲದವನು ಎಡಕ್ಕೆ ಬಂದ. ಎಂಜಿನ್ನಿನ ನಂಬರಾದರೂ ಕಂಡಿದ್ದರೆ ಗೊತ್ತಾಗುತ್ತಿತ್ತು. ಅದನ್ನು ಚೆಂಡುಹೂವಿನ ಹಾರ ಮುಚ್ಚಿಬಿಟ್ಟಿತ್ತು.

ತನ್ನ ಪ್ರತಿ ಒಯ್ಯಲು ಕರಿಯಣ್ಣ ಮೊದಲು ಬಂದ. ಬಹಳ ಹೊತ್ತು ನೋಡಿದ. ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿ, ಅಂಗಿಯೊಳಗೆ ಇಟ್ಟುಕೊಂಡು ಹೊರಟ. ನನ್ನ ಕೈಚಳಕ ಮೆಚ್ಚಿದನೆಂದು ನಾನು ಉಬ್ಬಿಹೋದೆ.

ಎರಡು ದಿನ ಬಿಟ್ಟು ಹೊನ್ನಯ್ಯ ಬಂದ. ಪಟ ನೋಡಿದವನ ಮುಖ ಕೆಂಪಾಯಿತು.

“ಏನ್ ಮಾರಾಯ ಸಿದ್ದಯ್ಯ, ಮೂವತ್ತು ವರ್ಷ ಎಡಗಡೆ ನಿಂತೋನನ್ನ ಸೌದೆ ಹಾಕೋಕೆ ಹಚ್ಚಿದ್ಯಲ್ಲ,” ಎಂದ.

ನಾನು ಬಿಸಿಲನ್ನು ಬೈದೆ, ಲೆನ್ಸನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ಕೊನೆಗೆ ಒಪ್ಪಿಕೊಂಡು ಸರಿಯಾದ ಪ್ರತಿ ತೆಗೆದುಕೊಟ್ಟೆ. ಅವನಿಗೆ ಅಷ್ಟು ಸಾಲಲಿಲ್ಲ. ಕರಿಯಣ್ಣನ ಬಳಿ ಇರುವುದನ್ನೂ ಇಸಿದುಕೊಂಡು ತನ್ನ ಕಣ್ಣೆದುರೇ ಹರಿಯಬೇಕು ಎಂದ. ರೈಲ್ವೆಯವರ ಕಣ್ಣಿಗೆ ಅದು ಬಿದ್ದರೆ ಸಂಕ್ರಾಂತಿಯವರೆಗೆ ನಗೆಪಾಟಲು ತನ್ನದೇ ಎಂದ. ಅವನ ಸಿಟ್ಟಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಅವತ್ತೇ ಭದ್ರಾವತಿಗೆ ಹೋದೆವು.

ಹಳೆ ಊರಿನಲ್ಲಿ ಕರಿಯಣ್ಣನ ಮನೆ. ಅವನ ತಾಯಿ ತುಂಗಮ್ಮ ಗೋಡೆಗೊರಗಿ ಕೂತಿದ್ದಳು. ಕಾಲು ಬಿದ್ದುಹೋಗಿ ಐದು ವರ್ಷವಾಗಿತ್ತು. ದೇವರ ಪಟದ ಪಕ್ಕದಲ್ಲಿ ನನ್ನ ಪಟ ತೂಗುತ್ತಿತ್ತು, ಅದಕ್ಕೂ ಕುಂಕುಮ. ಒಳಗಿನಿಂದ ಬಂದ ಕರಿಯಣ್ಣ ನಮ್ಮನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಯಾಕೆ ಬಂದಿದ್ದೇವೆಂದು ಅವನಿಗೆ ಅರ್ಥವಾಗಿತ್ತು.

ಹೊನ್ನಯ್ಯ ಬಾಯಿ ತೆರೆಯುವ ಮೊದಲೇ ಮುದುಕಿ ಶುರುಮಾಡಿದಳು. ಕಾಲು ಗಟ್ಟಿಯಿದ್ದಾಗ ಅವಳು ದಿನವೂ ಮಗನಿಗೆ ಸ್ಟೇಷನ್ನಿಗೆ ಬುತ್ತಿ ಒಯ್ಯುತ್ತಿದ್ದಳಂತೆ. ಬಂಡಿ ಎದುರಿಗೆ ಬರುವಾಗ ಮಗ ಯಾವಾಗಲೂ ಅವಳ ಎಡಗೈ ಕಡೆಗೆ ಕಾಣುತ್ತಿದ್ದನಂತೆ, ಡ್ರೈವರ್ ಬಲಗೈ ಕಡೆಗೆ. ಪರೀಕ್ಷೆ ಪಾಸಾಯಿತು ಎಂದು ಮಗ ಬಂದು ಹೇಳಿದಾಗ, ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದುಕೊಂಡಿದ್ದಳಂತೆ. ಆಮೇಲೆ ಪಟ ಬಂತು.

“ಈಗ ನೋಡಿ, ಬಲಗೈ ಕಡೆ ಬಂದವ್ನೆ. ಪಟ ಸುಳ್ಳು ಹೇಳ್ತದೇನಪ್ಪ?” ಎಂದಳು.

ಕರಿಯಣ್ಣ ನೆಲ ನೋಡುತ್ತಿದ್ದ. ಸರಿಯಾದ ಪ್ರತಿ ಹೊನ್ನಯ್ಯನ ಕೈಯಲ್ಲಿಯೇ ಇತ್ತು, ಕಾಗದದಲ್ಲಿ ಸುತ್ತಿದ್ದು. ಅವನು ಈ ಎಂಜಿನ್ನಿಗೆ ಬಂದು ಎರಡೇ ವರ್ಷ; ಮುದುಕಿ ಅವನನ್ನು ಕಂಡವಳಲ್ಲ. ಅವಳು ಪಟವನ್ನೂ ಅವನ ಮುಖವನ್ನೂ ಹೋಲಿಸಿ ನೋಡಿದಳು.

“ಆ ಕಡೆ ನಿಂತಿರೋನು ನೀನೇ ಅಲ್ವೇನಪ್ಪ? ನೀನೇನು ಕೆಲಸ ಮಾಡ್ತೀಯ?”

ಹೊನ್ನಯ್ಯ ಕರಿಯಣ್ಣನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

“ನಾನು ಸೌದೆ ಹಾಕೋನು, ತಾಯಿ,” ಎಂದ.

ಮುದುಕಿಗೆ ಕನಿಕರ ಬಂತು. ನಿನ್ನ ಕೈಕೆಳಗೆ ದುಡಿಯುವವನು, ದಣಿದಿರುತ್ತಾನೆ, ಮೊದಲು ಅವನಿಗೆ ನೀರು ಕೊಡು ಎಂದು ಮಗನಿಗೆ ಹೇಳಿದಳು. ಕರಿಯಣ್ಣ ಚೊಂಬು ತಂದ. ಹೊನ್ನಯ್ಯ ನೀರು ಕುಡಿದು, ಬಾಯಿ ಒರೆಸಿಕೊಂಡು ಹೊರಟ.

“ನಾಳೆ ಬೇಗ ಬಂದು ಒಲೆ ಹಚ್ಚಿಡ್ತೀನಿ, ಡ್ರೈವರ್ರೇ,” ಎಂದ.