ಒಂಬತ್ತನೆಯ ಮನೆಯ ಅಳತೆ

ಅಂಚೆಯವನು ಬೆರಳಿಗೆ ಎಂಜಲು ಹಚ್ಚಿ ಹಚ್ಚಿ ಅಳತೆ ಪುಸ್ತಕದ ಹಾಳೆಗಳನ್ನು ತಿರುವುತ್ತಿದ್ದ. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಶವದ ಪೆಟ್ಟಿಗೆ ಮಾಡುವ ಬಡಗಿ ಮೂರನೆಯ ಸಲ ಕೇಳಿದ.

"ಉದ್ದ ಎಷ್ಟು, ಭುಜ ಎಷ್ಟು, ಬೇಗ ಹೇಳಿ. ಹಲಗೆ ಕೊಯ್ಯೋಕೆ ನಿಂತಿದ್ದೀನಿ."

"ತಡಿಯಪ್ಪಾ, ಹುಡುಕ್ತಾ ಇದ್ದೀನಿ. ಬೀದಿಯವರದೆಲ್ಲಾ ಇದೆ, ಇವನದೊಂದೇ ಇಲ್ಲ."

ದರ್ಜಿ ನಡುಮನೆಯ ಮಂಚದ ಮೇಲೆ ಮಲಗಿದ್ದ. ಮುಂಜಾನೆ ನಿದ್ದೆಯಲ್ಲೇ ದೇವರು ಅವನನ್ನು ಕರೆದುಕೊಂಡಿದ್ದ. ನಲವತ್ತು ವರ್ಷ ಆ ಬೀದಿಯ ಎದೆ, ಸೊಂಟ, ತೋಳುಗಳನ್ನು ಅಳೆದವನು. ಯಾರ ಹೊಟ್ಟೆ ಯಾವ ವರ್ಷ ಎಷ್ಟು ಮುಂದೆ ಬಂತೆಂಬುದು ಅವನಿಗೆ ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಬಟ್ಟೆಯನ್ನು ಎರಡು ಬೆರಳು ಅಗಲ ಬಿಟ್ಟು ಹೊಲಿಯುತ್ತಿದ್ದ. ಅಳತೆಯ ಟೇಪು ಈಗಲೂ ಅವನ ಕತ್ತಿನಲ್ಲೇ ಇತ್ತು. ತೆಗೆಯಬೇಡಿ ಎಂದು ಹೆಂಡತಿ ಹೇಳಿದ್ದಳು.

ಅಂಚೆಯವನ ಬೆರಳು ತಟ್ಟನೆ ನಿಂತಿತು. ಹಾಳೆಯ ಮೇಲೆ ಅವನದೇ ಪ್ಯಾಂಟಿನ ಅಳತೆಯಿತ್ತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬೇರೇನೋ ಬರೆದಿತ್ತು. ಓದುತ್ತ ಓದುತ್ತ ಅವನ ಮುಖ ಬಿಳಚಿಕೊಂಡಿತು.

"ಹತ್ತನೆಯ ನರ. ಅಲೆಮಾರಿ. ತಲೆಯಿಂದ ಹೊರಟು ಗಂಟಲು, ಎದೆ, ಹೊಟ್ಟೆ ಎಲ್ಲಾ ಸುತ್ತುತ್ತೆ. ಇದು ಕೆರಳಿದರೆ ಹೃದಯದ ಬಡಿತ ನಿಧಾನ." ಅವನು ಪುಸ್ತಕ ಕೆಳಗಿಳಿಸಿದ. "ಅಯ್ಯೋ, ಇಂಥಾ ಕಾಯಿಲೆ ನನಗಿದೆ ಅಂತ ಇವನು ಒಂದು ಮಾತೂ ಹೇಳಲಿಲ್ವಲ್ಲ."

"ಕೊಡಿಲ್ಲಿ," ಎಂದು ಕೊನೆಮನೆ ದೊಡ್ಡಮ್ಮ ಪುಸ್ತಕ ಕಿತ್ತುಕೊಂಡಳು. ಬೆಳಗಿನಿಂದ ಆಕೆಯ ಮಾತು ನಿಂತಿರಲಿಲ್ಲ. ಅಳುವಾಗಲೂ ಮಾತಾಡಿಕೊಂಡೇ ಅತ್ತಿದ್ದಳು. ತನ್ನ ರವಿಕೆಯ ಅಳತೆ ಸಿಕ್ಕಿದ ಮೇಲೆ ಕಣ್ಣು ಕಿರಿದು ಮಾಡಿ ಓದಿದಳು. "ಹನ್ನೆರಡನೆಯ ನರ. ನಾಲಿಗೆ. ಅಲುಗಾಡಿಸುವುದೇ ಕೆಲಸ." "ಇದೂ ಒಂದು ಕಾಯಿಲೆಯಾ?" ಎಂದಳು.

ಎಲ್ಲರೂ ತಂದೆಯ ತಲೆಯ ಬಳಿ ಕೂತಿದ್ದ ಮಗಳ ಕಡೆ ನೋಡಿದರು.

"ಕಾಯಿಲೆ ಅಲ್ಲ ದೊಡ್ಡಮ್ಮಾ," ಎಂದಳು ಮಗಳು. "ಅದು ನನ್ನ ಪಾಠ."

*

ವೈದ್ಯಶಾಸ್ತ್ರ ಓದಿ ಮುಗಿಸಿದ್ದರೂ ಮಗಳು ಇನ್ನೂ ಡಾಕ್ಟರಾಗಿರಲಿಲ್ಲ. ಪರವಾನಗಿಯ ಪರೀಕ್ಷೆಯೊಂದು ಬಾಕಿ ಇತ್ತು. ಮೂರೇ ಸಲ ಕೂರಬಹುದು. ಅವಳು ಎರಡು ಸಲ ಕೂತು ಎರಡು ಸಲವೂ ಫೇಲಾಗಿದ್ದಳು. ರೋಗಿಯನ್ನು ಕಂಡರೆ ಅವಳಿಗೆ ಎಲ್ಲವೂ ನೆನಪಾಗುತ್ತಿತ್ತು. ಪ್ರಶ್ನೆಪತ್ರಿಕೆ ಕಂಡರೆ ಏನೂ ನೆನಪಾಗುತ್ತಿರಲಿಲ್ಲ.

ಎರಡನೆಯ ಸಲ ಫೇಲಾದ ದಿನ ದರ್ಜಿ ಕೇಳಿದ, "ಅದೇನಮ್ಮ ಅಷ್ಟು ಕಷ್ಟ?"

"ತಲೆಯಿಂದ ಹೊರಡೋ ನರಗಳೇ ಹನ್ನೆರಡಿವೆಯಪ್ಪ. ಒಂದೊಂದಕ್ಕೂ ಒಂದೊಂದು ಕೆಲಸ. ಕಲಸಿ ಹೋಗುತ್ತೆ."

"ಹನ್ನೆರಡಾ? ನಮ್ಮ ಬೀದಿಯಲ್ಲೂ ಹನ್ನೆರಡು ಮನೆ. ನಾನು ಯಾವತ್ತಾದರೂ ಒಬ್ಬರ ಅಂಗಿ ಇನ್ನೊಬ್ಬರಿಗೆ ಕೊಟ್ಟಿದ್ದೀನಾ?"

ಮನೆಗಳ ವರಸೆಯಲ್ಲೇ ಇದ್ದ ಅಳತೆ ಪುಸ್ತಕವನ್ನು ತೆಗೆದು, ಮಗಳು ಹೇಳಿದ ಹಾಗೆ ಕೆಂಪು ಶಾಯಿಯಲ್ಲಿ ಬರೆದುಕೊಂಡ. ಮೊದಲನೆಯ ಮನೆ ಬೇಕರಿ; ಅದು ವಾಸನೆಯ ನರವಾಯಿತು. ಎರಡನೆಯದು ಕನ್ನಡಕದ ಅಂಗಡಿ, ಅದು ನೋಟ. ಏಳನೆಯವನು, ಸ್ವಲ್ಪ ನಗಿ ಎಂದು ಎಲ್ಲರ ಮುಖ ತಿದ್ದುವ ಫೋಟೋದವನು. ಅವನಿಗೆ ಮುಖದ ನರ. ಎಂಟನೆಯ ಮನೆಯ ಪಿಂಚಣಿ ತಾತನಿಗೆ ಕಿವಿ ಕೇಳದು, ನಡೆದರೆ ವಾಲುತ್ತಾರೆ. ಎಂಟನೆಯ ನರದ ಕೆಲಸವೂ ಅವೆರಡೇ ಎಂದು, ಕೇಳುವುದು ಮತ್ತು ವಾಲದಂತೆ ನಿಲ್ಲಿಸುವುದು ಎಂದು ಮಗಳು ಹೇಳಿದಾಗ ದರ್ಜಿ ಸೂಜಿ ಕೆಳಗಿಟ್ಟು, ಮೇಲೆ ನೋಡಿ ದೇವರಿಗೆ ಕೈ ಮುಗಿದ. "ನಮಗಿಂತ ಮುಂಚೆ ಅವನೇ ಹೊಂದಿಸಿಟ್ಟಿದ್ದಾನೆ," ಎಂದ.

ಅಂದಿನಿಂದ ಅವನು ಹೊಲಿಯುತ್ತ ಕೇಳುವನು, ಅವಳು ಗುಂಡಿ ಹಾಕುತ್ತ ಹೇಳುವಳು. ಉತ್ತರ ಸರಿಯಿದ್ದರೆ ಹೊಲಿಗೆ ಯಂತ್ರದ ಚಕ್ರ ತಿರುಗುತ್ತಲೇ ಇರುವುದು. ತಪ್ಪಿದರೆ ಅವನ ಕಾಲು ನಿಲ್ಲುವುದು. ತಪ್ಪು ಎಂಬ ಮಾತನ್ನು ಅವನು ಒಮ್ಮೆಯೂ ಆಡಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಗೂ ಚಕ್ರದ ಸದ್ದಿನಿಂದಲೇ ಮಗಳ ವಿದ್ಯೆಯ ಗತಿ ತಿಳಿಯುತ್ತಿತ್ತು.

ಚಕ್ರ ಯಾವಾಗಲೂ ಒಂದೇ ಕಡೆ ನಿಲ್ಲುತ್ತಿತ್ತು. ಮಗಳು ಎಂಟು ಹೇಳಿ ಹತ್ತಕ್ಕೆ ಹಾರುತ್ತಿದ್ದಳು.

"ಒಂಬತ್ತನೇ ಮನೆ?"

"ಯಾರದಪ್ಪ?"

"ನಮ್ಮದೇ ಕಣಮ್ಮ. ಒಳಗೆ ಕೂತು ಬೀದಿ ಎಣಿಸಿದರೆ ಹೀಗೇ ಆಗೋದು."

ಪುಸ್ತಕದಲ್ಲಿ ಅವನ ಹಾಳೆ ಖಾಲಿಯಿತ್ತು. ದರ್ಜಿ ತನ್ನ ಭುಜಕ್ಕೆ ತಾನೇ ಟೇಪು ಹಿಡಿಯಲಾರ. ಹಳೆಯ ಅಂಗಿಯನ್ನು ಎದುರಿಗಿಟ್ಟುಕೊಂಡು ಹೊಸದನ್ನು ಹೊಲಿದುಕೊಳ್ಳುತ್ತಿದ್ದ.

ನಿನ್ನೆ ರಾತ್ರಿ ಅವನು ಟೇಪು ಚಾಚಿಕೊಂಡು ಬಂದಿದ್ದ. "ಬಾ, ನನ್ನ ಅಳತೆ ತಗೊಂಡು ಬರೆದುಬಿಡು. ಕೈಯಲ್ಲಿ ಬರೆದರೆ ಮರೆಯಲ್ಲ."

"ನಾಳೆ ಅಪ್ಪ. ಈಗ ಮೂತ್ರಪಿಂಡ ಮುಗಿಸಿಬಿಡ್ತೀನಿ."

"ಆಗಲಿ. ಮೂತ್ರಪಿಂಡವೂ ಎಲ್ಲೂ ಹೋಗಲ್ಲ, ನಾನೂ ಎಲ್ಲೂ ಹೋಗಲ್ಲ," ಎಂದು ಟೇಪನ್ನು ಕತ್ತಿಗೆ ಹಾಕಿಕೊಂಡು ಮಲಗಲು ಹೋಗಿದ್ದ.

*

ತಾವೆಲ್ಲ ನರಗಳೆಂದು ತಿಳಿದ ಮೇಲೆ ಬೀದಿಯವರ ದುಃಖಕ್ಕೆ ಸ್ವಲ್ಪ ಗತ್ತು ಬಂತು. ಮೂಗು ದೊಡ್ಡದೋ ಮುಖ ದೊಡ್ಡದೋ ಎಂದು ಬೇಕರಿಯವನೂ ಫೋಟೋದವನೂ ಮೆಲ್ಲನೆ ವಾದಕ್ಕಿಳಿದರು. ಮೂಟೆ ಹೊರುವ ಹಮಾಲಿಗೆ ಸಿಕ್ಕಿದ್ದು ಹನ್ನೊಂದನೆಯದು, ಭುಜ ಎತ್ತುವ ನರ. ಅವನು ಎರಡು ಸಲ ಭುಜ ಎತ್ತಿ ನೋಡಿಕೊಂಡ. ಪಿಂಚಣಿ ತಾತನಿಗೆ ಸಂಗತಿಯನ್ನು ಕಾಗದದಲ್ಲಿ ಬರೆದು ತೋರಿಸಿದರು.

"ಕಿವಿಗೆ ನನ್ನನ್ನೇ ಇಟ್ಟನಾ?" ಎಂದು ತಾತ ಮನೆ ಅದುರುವಂತೆ ಕೇಳಿದರು. ಕಣ್ಣು ಒರೆಸಿಕೊಂಡರು. "ಎಂಥಾ ಮರ್ಯಾದೆ ಕೊಟ್ಟು ಹೋದ ಪುಣ್ಯಾತ್ಮ."

"ಪರೀಕ್ಷೆ ಯಾವತ್ತು?" ಹಮಾಲಿ ಕೇಳಿದ.

"ನಾಳೆ ಬೆಳಿಗ್ಗೆ. ಇದೇ ಕೊನೇ ಸಲ," ಎಂದಳು ಮಗಳು.

ಬಾಗಿಲ ಬಳಿ ನಿಂತಿದ್ದ ಸೋದರಮಾವ ಗಂಟಲು ಸರಿಮಾಡಿಕೊಂಡ. "ನಾಳೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಮಣ್ಣು ಮಾಡಿದ ಮಾರನೇ ದಿನವೇ ಹೊರಟು ನಿಂತರೆ ಜನ ಏನಂತಾರೆ?"

"ಜನ ಅಂದರೆ ಯಾರಪ್ಪಾ? ನಾವೇ ತಾನೆ?" ಎಂದಳು ದೊಡ್ಡಮ್ಮ. "ಈ ಬೀದಿಗೆ ನಾಲಿಗೆ ನಾನು. ನಾನೇ ಏನೂ ಅನ್ನಲ್ಲ ಅಂದ ಮೇಲೆ ಇನ್ಯಾರು ಅಂತಾರೆ?"

"ಹಾಗಲ್ಲ ದೊಡ್ಡಮ್ಮಾ..."

"ಹಾಗೇ. ಅವಳು ಹೋಗದಿದ್ದರೆ ನಾವು ಹನ್ನೆರಡು ಜನವೂ ಫೇಲು."

ಸೋದರಮಾವ ಅಕ್ಕನ ಮುಖ ನೋಡಿದ. ಆಕೆ ಗಂಡನ ಪಾದದ ಮೇಲೆ ಕೈಯಿಟ್ಟು ಕೂತಿದ್ದಳು, ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಅಂಚೆಯವನು ಬೆರಳು ಮಡಿಸಿ ಎಣಿಸುತ್ತಿದ್ದ. "ಹನ್ನೆರಡು ಎಲ್ಲಿ ದೊಡ್ಡಮ್ಮಾ? ಹನ್ನೊಂದೇ ಇದೀವಿ. ತಾತನ ಹಾಳೆ ಆದಮೇಲೆ ಒಂದು ಖಾಲಿ, ಆಮೇಲೆ ನಾನು. ಒಂಬತ್ತು ಯಾರು?"

ಫೋನಿನಲ್ಲಿ ಬಡಗಿ, "ಅಳತೆ ಸಿಕ್ಕಿತಾ ಇಲ್ಲವಾ?" ಎಂದು ಕೂಗಿದ.

ಮಗಳು ಎದ್ದಳು. ತಂದೆಯ ತಲೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಕತ್ತಿನ ಟೇಪನ್ನು ಮೆಲ್ಲನೆ ಬಿಡಿಸಿಕೊಂಡಳು. ಟೇಪಿನ ಒಂದು ತುದಿಯನ್ನು ತಾಯಿಯ ಕೈಗೆ ಕೊಟ್ಟಳು. ತಾಯಿ ಅದನ್ನು ಹಿಮ್ಮಡಿಯ ಬಳಿ ಒತ್ತಿ ಹಿಡಿದಳು. ಟೇಪು ಮುಗಿದಲ್ಲಿ ಮಗಳು ಬೆರಳಿಟ್ಟು, ಉಳಿದ ಆರು ಇಂಚನ್ನು ಮತ್ತೆ ಅಳೆದಳು.

"ಉದ್ದ ಅರವತ್ತಾರು," ಎಂದಳು ಮಗಳು. ಅಂಚೆಯವನು ಫೋನಿಗೆ ಹೇಳಿದ. "ಭುಜ ಹದಿನೇಳೂವರೆ." ಅವನು ಅದನ್ನೂ ಹೇಳಿದ. "ಕತ್ತು ಹದಿನಾಲ್ಕೂಮುಕ್ಕಾಲು."

"ಕತ್ತು ಯಾಕಮ್ಮಾ?" ಎಂದು ಬಡಗಿ ಎಲ್ಲರಿಗೂ ಕೇಳುವಂತೆ ಕೂಗಿದ. "ನಾನು ಮಾಡ್ತಿರೋದು ಪೆಟ್ಟಿಗೆ, ಅಂಗಿ ಅಲ್ಲ."

ಹಮಾಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನಗು ಹಾಗೇ ಹರಡಿ ದೊಡ್ಡಮ್ಮನಿಗೆ ತಲುಪಿತು, ಆಕೆಯಿಂದ ಮಗಳಿಗೂ ತಲುಪಿತು. ಅವಳು ನಗುತ್ತಲೇ ಪುಸ್ತಕದ ಖಾಲಿ ಹಾಳೆಯಲ್ಲಿ ಮೂರು ಅಳತೆಗಳನ್ನೂ ಬರೆದುಕೊಂಡಳು. ಆಮೇಲೆ ಅತ್ತಳು. ಬೆಳಗಿನಿಂದ ಅವಳು ಅತ್ತದ್ದು ಅದೇ ಮೊದಲು.

*

ಪೆಟ್ಟಿಗೆ ಮಧ್ಯಾಹ್ನಕ್ಕೆ ಬಂತು. ಅಳತೆ ಸರಿಯಾಗಿತ್ತು. ಬಾಗಿಲಿಗೆ ಅಡ್ಡವಾಗಿದ್ದ ಹೊಲಿಗೆ ಯಂತ್ರವನ್ನು ಹಮಾಲಿ ಒಬ್ಬನೇ ಎತ್ತಿ ಪಕ್ಕಕ್ಕಿಟ್ಟ. ಪೆಟ್ಟಿಗೆಯ ಮುಂದಿನ ತುದಿ ತನ್ನದೇ ಎಂದು ಹಟ ಹಿಡಿದು ಹೊತ್ತ. ತಾನೂ ಹೆಗಲು ಕೊಡುತ್ತೇನೆಂದು ಬಂದ ಪಿಂಚಣಿ ತಾತನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಮಣ್ಣು ಮಾಡುವ ಜಾಗದಲ್ಲಿ ಹಿರಿಯರೊಬ್ಬರು ಪ್ರಾರ್ಥನೆ ಹೇಳುವಾಗ ಬೀದಿಯವರು ತಮಗೆ ತಿಳಿಯದೆಯೇ ಮನೆಗಳ ವರಸೆಯಲ್ಲಿ ಸಾಲಾಗಿ ನಿಂತಿದ್ದರು. ತಾತನಿಗೂ ಅಂಚೆಯವನಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಮಗಳು ಹೋಗಿ ಅಲ್ಲಿ ನಿಂತಳು.

ಹಿಂದಿರುಗುವಾಗ ಇನ್ನೂ ಬಿಸಿಲಿತ್ತು. ಒಬ್ಬೊಬ್ಬರಾಗಿ ಅವರವರ ಮನೆಯ ಮುಂದೆ ನಿಂತುಕೊಂಡರು. ಸೋದರಮಾವ, "ನಾಳೆ ಎಷ್ಟು ಗಂಟೆಗೆ ಬಸ್ಸು?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಕೈಕಾಲು ತೊಳೆಯಲು ಹೋದ.

ಹಮಾಲಿ ಯಂತ್ರವನ್ನು ಮತ್ತೆ ಬಾಗಿಲ ಬೆಳಕಿಗೆ ತಂದಿಟ್ಟಿದ್ದ. ಮಗಳು ಅದರ ಪಕ್ಕದ ಮಣೆಯ ಮೇಲೆ ಕೂತು ಅಳತೆ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡಳು. ತಾಯಿ ಬಂದು ಗಂಡನ ಸ್ಟೂಲಿನ ಮೇಲೆ ಕೂತಳು. ಆಕೆಗೆ ಓದಲು ಬಾರದು, ಹೊಲಿಯಲೂ ಬಾರದು. ಸೂಜಿಗೆ ದಾರವಿರಲಿಲ್ಲ, ಕೆಳಗೆ ಬಟ್ಟೆಯಿರಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದಳು.

"ಹೇಳು," ಎಂದಳು.

ಮಗಳು ಪುಸ್ತಕ ತೆರೆಯದೆ ಬೇಕರಿಯಿಂದ ಶುರು ಮಾಡಿದಳು. ವಾಸನೆ. ನೋಟ. ಚಕ್ರ ತಿರುಗಿತು. ಮುಖ ದಾಟಿದಳು, ಕಿವಿ ದಾಟಿದಳು. ತಾಯಿ ಅವಳನ್ನು ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದಳು.

"ಒಂಬತ್ತು," ಎಂದಳು ಮಗಳು. ಉಗುಳು ನುಂಗಿಕೊಂಡಳು. "ಒಂಬತ್ತು, ನುಂಗೋದು. ನಾಲಿಗೆಯ ಹಿಂಭಾಗದ ರುಚಿ. ಕತ್ತು ಹದಿನಾಲ್ಕೂಮುಕ್ಕಾಲು."

ಚಕ್ರ ತಿರುಗುತ್ತಲೇ ಇತ್ತು.