ಒಂದು ಮನೆಗೆ ಒಂದೇ ನೌಕರಿ

೧.

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ದೇಶದ ಆರ್ಥಿಕ ಕುಸಿತದಿಂದ ಹಿಡಿದರೆ ನೀವು ಆಕಳಿಸುತ್ತೀರಿ. ಬಾಗಿಲು ಹಾಕಿದ ಬ್ಯಾಂಕು, ಹೊಗೆ ಕಾಣದ ಕಾರ್ಖಾನೆ, ಕೆಲಸ ಕೇಳುವವರ ಉದ್ದನೆಯ ಸಾಲು, ಎಲ್ಲ ನಿಮಗೆ ಗೊತ್ತಿರುವುದೇ. (ಆ ಸಾಲಿನಲ್ಲಿ ಕಥೆಗಾರರೂ ಇದ್ದರು. ಕಟ್ಟಕಡೆಗೆ.) ಹೋಗಲಿ, ಒಬ್ಬ ಟೈಪಿಸ್ಟ್ ಹೆಂಗಸಿನಿಂದ ಶುರು ಮಾಡುತ್ತೇನೆ.

ಅವಳಿದ್ದದ್ದು ಆಡಳಿತ ಸುಧಾರಣಾ ಇಲಾಖೆಯಲ್ಲಿ. ಗಂಡ ನೀರು ಸರಬರಾಜು ಇಲಾಖೆಯಲ್ಲಿ ನಕ್ಷೆ ಬಿಡಿಸುವವನು. ಪಳಗಿದ ಟೈಪಿಸ್ಟರು ಓದುವುದಿಲ್ಲ, ಅಕ್ಷರ ಮಾತ್ರ ನೋಡುತ್ತಾರೆ. ಹಾಗಾಗಿ, ಖರ್ಚು ಕಡಿತಕ್ಕಾಗಿ ಇನ್ನು ಮುಂದೆ ಗಂಡಹೆಂಡಿರಲ್ಲಿ ಒಬ್ಬರಿಗೆ ಮಾತ್ರ ಸರ್ಕಾರಿ ನೌಕರಿ ಎಂಬ ಆದೇಶವನ್ನು ಅವಳೇ ಒಂದೂ ತಪ್ಪಿಲ್ಲದೆ ಹೊಡೆದಳು. ಸಾಹೇಬರು ಭೇಷ್ ಎಂದರು. ಅದು ತನ್ನ ಕುತ್ತಿಗೆಗೇ ಬಂದಿದೆಯೆಂದು ತಿಳಿದದ್ದು ಮಧ್ಯಾಹ್ನ, ಕಾರ್ಬನ್ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಚುಚ್ಚುವಾಗ.

೨.

ಈ ಕಥೆಯ ಮೊದಲ ಕರಡಿನಲ್ಲಿ ನಾನು ಅವಳಿಂದ ರಾಜೀನಾಮೆ ಕೊಡಿಸಿದೆ. ಕಣ್ಣೀರು, ಕಿಟಕಿ, ಇತ್ಯಾದಿ. ಅವಳು ಹಾಳೆ ಕಿತ್ತುಕೊಂಡಳು.

"ನಾನೇ ಯಾಕ್ರೀ ಬಿಡ್ಬೇಕು?"

"ಓದೋರ ಮನಸ್ಸು ಕರಗ್ಬೇಕಲ್ಲಮ್ಮಾ."

"ಹಾಗಿದ್ರೆ ನಿಮ್ಮ ಕೆಲಸ ಬಿಟ್ಟು ಕರಗಿಸಿ."

೩.

(ಮಿತವ್ಯಯದ ಆದೇಶದ ಮೇರೆಗೆ ಈ ಭಾಗವನ್ನು ರದ್ದುಪಡಿಸಲಾಗಿದೆ.)

೪.

ಇಬ್ಬರ ನೌಕರಿಯೂ ಉಳಿಯಲೆಂದು ಗಂಡಹೆಂಡಿರು ಕಾಗದದ ಮೇಲೆ ವಿಚ್ಛೇದನ ಪಡೆದರು. ಕಾಗದಕ್ಕೇನು, ಹೇಳಿದ್ದನ್ನು ಕೇಳುತ್ತದೆ. ಅವನು ಎದುರಿನ ಬಾಡಿಗೆ ಕೋಣೆಗೆ ಹೋದನೆಂದು ದಾಖಲಾಯಿತು. ನಿಜಕ್ಕೂ ಹೋದದ್ದು ಅವನ ಹಳೇ ಚಪ್ಪಲಿ ಮಾತ್ರ. ಒಂದು ದಿನ ಪರಿಶೀಲನೆಗೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಸುಳ್ಳೆಂದು ಗೊತ್ತಾದರೆ ಇಬ್ಬರ ನೌಕರಿಗೂ ಸಂಚಕಾರ.

"ಬೇರೆ ಆಗೋಕೆ ಕಾರಣ ಏನು?"

ಗಂಡ ತಡವರಿಸಿದ. "ಇವಳದ್ದೇನೂ ತಪ್ಪಿಲ್ಲ ಸಾರ್..."

ಕೆಟ್ಟಿತು ಕೆಲಸ! ಅವಳು ಥಟ್ಟನೆ ಪಟ್ಟಿ ತೆಗೆದಳು. ಹದಿನೇಳು ಕಾರಣ, ಅಚ್ಚುಕಟ್ಟಾಗಿ ಟೈಪಾಗಿ, ಮೂರು ಪ್ರತಿ. ಆಫೀಸಿನ ಅಭ್ಯಾಸಬಲ ನೋಡಿ, ಸಂಬಂಧಪಟ್ಟವರಿಗೆ ಒಂದು ಪ್ರತಿ ಎಂದು ಗಂಡನ ಕೈಗೂ ಒಂದನ್ನು ಕೊಟ್ಟುಬಿಟ್ಟಳು.

ಗೊರಕೆ. ಒದ್ದೆ ಟವೆಲ್ಲು. ಅತ್ತೆಯ ಪತ್ರಗಳು. ಅವನು ಮುಸಿಮುಸಿ ನಗುತ್ತ ಓದಿದ. ಹನ್ನೊಂದನೆಯದಕ್ಕೆ ನಗು ನಿಂತಿತು: 'ಮಗು ಹೊಟ್ಟೆಯಲ್ಲೇ ತೀರಿಕೊಂಡ ವಾರ ಇವರು ನಕ್ಷೆಯ ಮುಂದೆ ಕೂತಿದ್ದರು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ.'

"ಇದು... ಇವರಿಗೆ ತೋರಿಸೋಕೆ ಬರೆದದ್ದು ತಾನೇ?"

ಅವಳು ಸೆರಗಿನ ಅಂಚು ನೋಡುತ್ತ ನಿಂತಳು. ಓದುಗರೇ, ಆಣೆ ಮಾಡಿ ಹೇಳುತ್ತೇನೆ, ಹನ್ನೊಂದನೆಯದನ್ನು ನಾನು ಬರೆದಿಲ್ಲ. ಓದಿ ನನಗೂ ಸಂಕಟವಾಯಿತು.

೫.

ಆದರೂ ಕಥೆ ಮುಗಿಯಬೇಕಲ್ಲ. ಅವಳ ಮುಂದೆ ಎರಡು ಮುಕ್ತಾಯ ಹಿಡಿದೆ. "ಒಂದರಲ್ಲಿ ನೀವು ನಿಜವಾಗ್ಲೂ ಬೇರೆ ಆಗ್ತೀರಿ, ನೌಕರಿ ಉಳಿಯುತ್ತೆ. ಇನ್ನೊಂದರಲ್ಲಿ ಒಂದಾಗ್ತೀರಿ, ನೌಕರಿ ಹೋಗುತ್ತೆ. ಯಾವುದು ಬೇಕೋ ಆರಿಸ್ಕೋಮ್ಮಾ."

"ನಿಮಗೂ ಸರ್ಕಾರಕ್ಕೂ ಏನ್ರೀ ವ್ಯತ್ಯಾಸ? ಎರಡೂ ಬೇಕು ಅಂದ್ರೆ ನಿಮ್ಮಿಬ್ಬರಿಗೂ ಹೊಟ್ಟೆನೋವು. ನಡೀರಿ ಆಚೆ!"

ನನ್ನನ್ನೂ ಇನ್‌ಸ್ಪೆಕ್ಟರನ್ನೂ ಒಟ್ಟಿಗೆ ದಬ್ಬಿ ಚಿಲಕ ಹಾಕಿಕೊಂಡಳು.

ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಒಳಗೆ ಅವನು ತಡೆದು ತಡೆದು ಏನೋ ಕೇಳುತ್ತಿದ್ದ. ಅವಳು ಅಳುತ್ತಿದ್ದಳೋ ಬೈಯುತ್ತಿದ್ದಳೋ ತಿಳಿಯಲಿಲ್ಲ. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು.

"ಕೊನೇಲಿ ಏನಂತ ಬರೀಲಿ?"

"ಏನೂ ಬರೀಬೇಡಿ ಸಾರ್," ಎಂದೆ. "ಅವರು ಮಾತಾಡ್ತಿದಾರೆ."