ಹೆಡ್ಲಿಯ ಕರುಳು, ಕಟ್ಟು ಬಿಚ್ಚೋಕೆ ಮೊದಲು

ನ್ಯೂಫೌಂಡ್‌ಲ್ಯಾಂಡಿನ ನಮ್ಮ ಸ್ಕಲ್ಪಿನ್ ಕೋವ್‌ನಲ್ಲಿ ಯಾರ ಮನೇಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಗಾಳಿ ಹಾಗಿದೆ. ಹೋದ ವರ್ಷ ಒಣಗೋಕೆ ಹಾಕಿದ್ದ ನನ್ನ ಅಂಗಿಯನ್ನ ಪೋರ್ಚುಗಲ್‌ವರೆಗೆ ಹೊತ್ಕೊಂಡು ಹೋಯ್ತು. ವಾಪಸ್ ಬಂದಾಗ ಇಸ್ತ್ರಿ ಆಗಿತ್ತು, ಒಂದು ಗುಂಡಿ ಮಾತ್ರ ಕಮ್ಮಿ. ಇಂಥಾ ಊರಲ್ಲೂ ಒಂದೇ ಒಂದು ಸುದ್ದಿ ಬಾಗಿಲು ದಾಟಲ್ಲ. ಅದು ಕಕ್ಕಸಿನ ಸುದ್ದಿ.

ಪಕ್ಕದ ಮನೆ ಹೆಡ್ಲಿ ಏಡಿ ಹಿಡಿಯೋನು. ಅರವತ್ತರ ಹತ್ರ ವಯಸ್ಸು. ಬಿರುಗಾಳೀಲಿ ಸೀಟಿ ಹಾಕ್ಕೊಂಡು ಸಮುದ್ರಕ್ಕೆ ಹೋಗ್ತಾನೆ, ಡಾಕ್ಟರ್ ಅಂದ್ರೆ ಮಂಚದ ಕೆಳಗೆ ಹೋಗ್ತಾನೆ. ಒಂದು ಭಾನುವಾರ ಅವನ ಮನೇಲಿ ಊಟ. ಉಪ್ಪು ಮಾಂಸ, ಕೋಸು, ಆಲೂಗಡ್ಡೆ. ಅವನ ಚಿಕ್ಕಪ್ಪನ ಮಗಳು, ನರ್ಸ್ ಜೆರಾಲ್ಡೀನ್ ಕೂಡ ಬಂದಿದ್ಲು.

“ಇವನಿಗೆ ಕಕ್ಕಸಿಗೆ ಹೋದಾಗ ರಕ್ತ ಹೋಗ್ತಿದೆ,” ಅಂದ್ಲು ಹೆಡ್ಲಿ ಹೆಂಡ್ತಿ ಮೆಲ್ವೀನಾ, ಕೋಸು ಬಡಿಸ್ತಾ.

“ಊಟದ ಹೊತ್ತಲ್ಲಿ ಇದೇನೇ!” ಹೆಡ್ಲಿ ಚಮಚ ಕೆಳಗಿಟ್ಟ. “ಅದು ಬೀಟ್ರೂಟು. ನಮ್ಮೂರಲ್ಲಿ ಯಾರಿಗೆ ಕೆಂಪಗೆ ಹೋಗಲ್ಲ ಹೇಳು?”

ಅದೂ ನಿಜವೇ. ನಮ್ಮಲ್ಲಿ ಆಲೂಗಡ್ಡೆ ಹಿಸುಕಿ, ಬೀಟ್ರೂಟ್ ಉಪ್ಪಿನಕಾಯಿ ಕಲಸಿ ಗುಲಾಬಿ ಮಾಡಿ ತಿಂತೀವಿ. ಮದುವೆಗೂ ಅದೇ, ತಿಥಿಗೂ ಅದೇ. ಹಾಗಾಗಿ ಅಜ್ಜನ ಕಾಲದಿಂದ್ಲೂ ಕೆಂಪಗೆ ಏನು ಕಂಡ್ರೂ ಬೀಟ್ರೂಟ್ ಮೇಲೆ ಹಾಕ್ತೀವಿ. ಪಾಪ, ಅದರ ಪರ ವಾದ ಮಾಡೋಕೆ ವಕೀಲರಿಲ್ಲ.

“ಬೀಟ್ರೂಟ್ ತಿಂದ್ರೂ ಕೆಂಪಗಾಗುತ್ತೆ, ಸುಳ್ಳಲ್ಲ,” ಅಂದ್ಲು ಜೆರಾಲ್ಡೀನ್. “ಕೊನೇ ಸಲ ತಿಂದಿದ್ದು ಯಾವಾಗ?”

“ದಿನಾ ತಿಂತೀನಿ.”

“ಬಾಟಲಿ ಖಾಲಿಯಾಗಿ ತಿಂಗಳ ಮೇಲಾಯ್ತು, ಹೆಡ್ಲಿ,” ಅಂದ್ಲು ಮೆಲ್ವೀನಾ. “ನೀನು ತಟ್ಟೆ ನೋಡ್ಕೊಂಡು ತಿಂದಿದ್ರೆ ತಾನೇ ಗೊತ್ತಾಗೋದು!”

ನಾನು ಬಾಯಿ ಮುಚ್ಚಿದೆ. ಇದನ್ನ ಊರಲ್ಲಿ ಇವತ್ತಿಗೂ ಯಾರೂ ನಂಬಲ್ಲ.

“ಏಡಿ ಕಾಲ ಮುಗೀಲಿ, ನೋಡೋಣ,” ಅಂದ ಹೆಡ್ಲಿ. “ಗಡ್ಡೆ ಇದ್ರೆ ಅದಕ್ಕೆ ಕತ್ತಿ ತಾಗಿಸ್ಬಾರ್ದು. ತಾಗಿಸಿದ್ರೆ ಹರಡುತ್ತೆ. ಅಪ್ಪನ ಕರುಳಿನ ಗಡ್ಡೆಗೆ ಅದೇ ತಾನೇ ಆಗಿದ್ದು?”

“ದೊಡ್ಡಪ್ಪನಿಗೆ ಕತ್ತಿಯಿಂದ ಹರಡಿದ್ದಲ್ಲ ಮಾರಾಯ,” ಅಂದ್ಲು ಜೆರಾಲ್ಡೀನ್. “ಆಸ್ಪತ್ರೆಗೆ ಹೋಗೋ ಹೊತ್ತಿಗೇ ಹರಡಿತ್ತು. ಅವರೂ ಏಡಿ ಕಾಲ ಮುಗೀಲಿ ಅಂತಲೇ ಕೂತಿದ್ರು. ಅದಿರ್ಲಿ, ಬಂದರಲ್ಲಿ ನೀವು ದೋಣಿ ಹೇಗೆ ಕಟ್ತೀರ?”

“ಕಟ್ಟೆಗೆ ಒಂದು, ಅದರ ಮಗ್ಗುಲಿಗೆ ಇನ್ನೊಂದು, ಅದರ ಮಗ್ಗುಲಿಗೆ ಮತ್ತೊಂದು. ಮೀನುಗಾರನ ಮಗಳಾಗಿ ಇದು ಗೊತ್ತಿಲ್ವೇನೇ?”

“ದೊಡ್ಡ ಕರುಳಿನ ಒಳಗೋಡೇಲಿ ಜೀವಕೋಶಗಳೂ ಹಾಗೇ. ಒಂದಕ್ಕೊಂದು ಕಟ್ಕೊಂಡಿರ್ತವೆ. ಕ್ಯಾನ್ಸರ್ ಗಡ್ಡೆಯಾದ್ರೂ ಮೊದಮೊದಲು ಬಹಳಷ್ಟು ಕಟ್ಟು ಗಟ್ಟಿ ಇರುತ್ತೆ. ಬರ್ತಾ ಬರ್ತಾ ಸಡಿಲ ಆಗುತ್ತೆ. ಬಿಚ್ಕೊಂಡ ಕೋಶ ರಕ್ತದಲ್ಲಿ ತೇಲ್ಕೊಂಡು ಲಿವರ್‌ಗೋ ಶ್ವಾಸಕೋಶಕ್ಕೋ ಹೋಗುತ್ತೆ.”

“ಒಂಟಿ ದೋಣಿ ಬಿಚ್ಕೊಂಡ್ರೆ ದೂರ ಹೋಗಲ್ಲ ಬಿಡು. ಬಂಡೆಗೆ ಬಡಿದು ಚೂರಾಗುತ್ತೆ.”

“ಹೌದು. ಒಂಟಿಯಾಗಿ ಹೋದ ಕೋಶಗಳೂ ಹೆಚ್ಚಿನವು ದಾರೀಲೇ ಸಾಯ್ತವೆ.”

ಹೆಡ್ಲಿ ಗೆದ್ದೆ ಅಂತ ನನ್ನ ಕಡೆ ನೋಡಿದ. ಆಮೇಲೆ ಯಾಕೋ ಅವನ ಮುಖ ಇಳೀತು.

“ಆ ದೊಡ್ಡ ಗಾಳಿ ದಿನ ಮೂರು ದೋಣಿ ಜೊತೆಗೇ ಹೋದ್ವಲ್ಲ,” ಅಂದ ಮೆಲ್ಲಗೆ. “ಕಟ್ಟೆಯಿಂದ ಬಿಚ್ಕೊಂಡ್ವು, ಆದ್ರೆ ಒಂದನ್ನೊಂದು ಬಿಡಲಿಲ್ಲ. ಆಚೆ ದಡಕ್ಕೆ ಹೋಗಿ ನೆಟ್ಟಗೆ ನಿಂತಿದ್ವು. ಒಂದು ಗೀರು ಇರಲಿಲ್ಲ.”

“ನಂಗೂ ಅದೇ ಭಯ,” ಅಂದ್ಲು ಜೆರಾಲ್ಡೀನ್. “ಕೋಶಗಳೂ ಕೆಲವು ಸಲ ಒಂದನ್ನೊಂದು ಹಿಡ್ಕೊಂಡು ಗುಂಪಾಗಿ ಹೋಗ್ತವೆ. ಅಂಥಾ ಗುಂಪು ಬದುಕಿ ಬೇರೆ ಕಡೆ ಬೇರು ಬಿಡೋದು ಜಾಸ್ತಿ. ಅದಕ್ಕೇ ಹೇಳೋದು, ಎಲ್ಲಾ ಕಟ್ಟೇಲಿರುವಾಗಲೇ ತೆಗೆಸ್ಬೇಕು.”

“ಬಿಚ್ಕೊಂಡಿದ್ಯೋ ಇಲ್ವೋ, ಇಲ್ಲೇ ಕೂತ್ರೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ. ಕ್ಯಾನ್ಸರೇ ಅಂತಲೂ ನಾನು ಹೇಳ್ತಿಲ್ಲ, ಮೂಲವ್ಯಾಧಿ ಆಗಿದ್ರೂ ಆಗಿರ್ಬಹುದು. ಒಳಗೆ ನೋಡಿದ್ರೆ ತಾನೇ ತಿಳಿಯೋದು.”

“ಮತ್ತೆ ಏಡಿ?”

“ಏಡಿ ಮುಂದಿನ ವರ್ಷಾನೂ ಇರ್ತವೆ,” ಅಂದ್ಲು ಮೆಲ್ವೀನಾ. “ನೀನು ಇರ್ತೀಯ ಅಂತ ಯಾರು ಹೇಳಿದ್ರು?”

ಹೆಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿದ. “ನಾಳೆ ಆಸ್ಪತ್ರೆಗೆ ಫೋನ್ ಮಾಡು, ಜೆರಾಲ್ಡೀನ್,” ಅಂದ.

ಹಿಂದಿನಿಂದ ಕ್ಯಾಮೆರಾ ಇರೋ ನಳಿಗೆ ಹಾಕಿ ನೋಡೋಕೆ ಮೊದಲು ಕರುಳು ತೊಳೆಯೋ ಔಷಧ ಕುಡೀಬೇಕು. ಹೆಡ್ಲಿ ಅದನ್ನ ಕುಡಿದ ದಿನ ನಮ್ಮ ಕೊಲ್ಲೀಲಿ ನೀರು ಏರಿತು ಅಂತ ನಾನಂತೂ ಹೇಳಲ್ಲ. ದೀಪಸ್ತಂಭದವನು ಹೇಳ್ತಾನೆ. ಪರೀಕ್ಷೆ ಮಾತ್ರ ಏನೂ ನೋಯಲಿಲ್ವಂತೆ. ಮಲಗಿದ್ದ, ಎದ್ದಾಗ ಮುಗಿದಿತ್ತು.

ಗಡ್ಡೆ ಇತ್ತು. ಕ್ಯಾನ್ಸರೇ. ಆಪರೇಷನ್ ಮಾಡಿ ಗಡ್ಡೆ ಇದ್ದಷ್ಟು ಕರುಳು ತೆಗೆದ್ರು. ಲಿವರ್ ನೋಡಿದ್ರು, ಶ್ವಾಸಕೋಶ ನೋಡಿದ್ರು, ಹತ್ತಿರದ ಗ್ರಂಥಿಗಳನ್ನೆಲ್ಲಾ ನೋಡಿದ್ರು. ಎಲ್ಲೂ ಏನೂ ಕಾಣಲಿಲ್ಲ. ಈಗಲೂ ಕರೆದಾಗೆಲ್ಲಾ ಹೋಗಿ ತೋರಿಸ್ಕೊಂಡು ಬರ್ತಾನೆ. ತಮ್ಮ ಆಂಬ್ರೋಸನನ್ನೂ ಕುತ್ತಿಗೆ ಹಿಡಿದು ಕರ್ಕೊಂಡು ಹೋದ. ಅವನಿಗೇನೂ ತೊಂದರೆ ಇರಲಿಲ್ಲ, ಆದ್ರೂ ಒಳಗೆ ಸಣ್ಣ ಗಂಟು ಸಿಕ್ತು. ಕ್ಯಾನ್ಸರ್ ಆಗೋ ಮೊದಲೇ, ನಳಿಗೆಯಲ್ಲೇ ಕಿತ್ತು ಹಾಕಿದ್ರು.

ಈ ವರ್ಷ ಹೆಡ್ಲಿ ಮತ್ತೆ ಏಡಿಗೆ ಹೋದ. ಎಷ್ಟು ಹಿಡಿದ ಅಂತ ಕೇಳ್ಬೇಡಿ, ಆ ವಿಷಯದಲ್ಲಿ ಅವನು ನನಗಿಂತ ದೊಡ್ಡ ಸುಳ್ಳ.

ಓದ್ತಿರೋರೇ, ಇದೊಂದು ಮಾತು ಮಾತ್ರ ನಿಜ ಅಂತ ಇಟ್ಕೊಳ್ಳಿ. ಮಲದಲ್ಲಿ ರಕ್ತ ಕಂಡ್ರೆ, ಕಕ್ಕಸಿಗೆ ಹೋಗೋ ರೀತಿ ಬದಲಾಗಿ ವಾರಗಟ್ಟಲೆ ಸರಿಹೋಗ್ದಿದ್ರೆ, ಕಾರಣವಿಲ್ಲದೆ ತೂಕ ಇಳಿದ್ರೆ, ನೀವೇ ತೀರ್ಪು ಕೊಡ್ಬೇಡಿ, ಡಾಕ್ಟರಿಗೆ ಹೇಳಿ. ನಲವತ್ತೈದು ದಾಟಿದ್ರೆ ಪರೀಕ್ಷೆ ಬೇಕಾ ಅಂತ ಕೇಳಿ. ಮನೇಲಿ ಯಾರಿಗಾದ್ರೂ ಈ ಕಾಯಿಲೆ ಬಂದಿದ್ರೆ ಇನ್ನೂ ಮುಂಚೆ ಕೇಳಿ. ಮನೆಯವರನ್ನೂ ನಾಚಿಕೆ ಬಿಟ್ಟು ವಿಚಾರಿಸಿ. ಊಟದ ಹೊತ್ತಲ್ಲಿ ಇದೇನು ಅಂತ ಬೈತಾರೆ. ಬೈಲಿ. ಬೈಯೋಕಾದ್ರೂ ಅವರು ನಮ್ಮ ಜೊತೆ ಇರ್ಬೇಕಲ್ವಾ?